ಹೃದಯ ಸ್ತಂಭನದ ನಂತರ ಐಸಿಯುನಲ್ಲಿ ಬಿಪಿ: ಎಂಎಪಿ ಎಷ್ಟು ಹಿಡಿಯಬೇಕು, ಹೇಗೆ ಹಿಡಿಯಬೇಕು?

ಪಿಜಿ_ಅರಿವಳಿಕೆ

ಸಿಪಿಆರ್ ಆಗಿ ನಾಡಿ ಮರಳಿದೆ, ಪ್ರಜ್ಞೆ ಇನ್ನೂ ಬಂದಿಲ್ಲ, ರೋಗಿ ವೆಂಟಿಲೇಟರ್ ಮೇಲಿದ್ದಾರೆ. ಇಂಥ ವಯಸ್ಕ ರೋಗಿಯ ಆರ್ಡರ್ ಶೀಟಿನಲ್ಲಿ ಎಂಎಪಿ (ಸರಾಸರಿ ರಕ್ತದೊತ್ತಡ, ಮಿ.ಮೀ. ಪಾದರಸದಲ್ಲಿ) ಗುರಿ ಎಷ್ಟು ಅಂತ ಬರೆಯಬೇಕು? 65 ಸಾಕು ಅನ್ನುವವರಿದ್ದಾರೆ, ಮಿದುಳಿಗೋಸ್ಕರ 80ರ ಮೇಲೆ ಇಡಿ ಅನ್ನುವವರೂ ಇದ್ದಾರೆ. ಇನ್ನೊಂದು ಪ್ರಶ್ನೆ: ನಾರ್‌ಅಡ್ರಿನಲಿನ್ (ನಾಳ ಬಿಗಿಸಿ ಬಿಪಿ ಏರಿಸುವ ಔಷಧಿ) 0.3 ಮೈಕ್ರೋಗ್ರಾಂ/ಕೆಜಿ/ನಿಮಿಷ ದಾಟಿದರೂ ಎಂಎಪಿ 60ರಲ್ಲೇ ನಿಂತರೆ ಮೊದಲು ಏನು ನೋಡಬೇಕು? ಔಷಧಿಯ ಪಟ್ಟಿ ಪುಸ್ತಕದಲ್ಲಿ ಸಿಗುತ್ತದೆ, ಯಾವುದರ ನಂತರ ಯಾವುದು ಅನ್ನುವುದು ಸಿಗುತ್ತಿಲ್ಲ.

ತೀವ್ರನಿಗಾ_ತಜ್ಞೆ

ಮೊದಲು ಸಂಖ್ಯೆ. ಎಂಎಪಿ 65ಕ್ಕಿಂತ ಕೆಳಗೆ ಇಳಿಯಲು ಬಿಡಬಾರದು ಅನ್ನುವುದರಲ್ಲಿ ಅಮೆರಿಕದ ಮತ್ತು ಯುರೋಪಿನ ಮಾರ್ಗಸೂಚಿಗಳ ನಡುವೆ ದೊಡ್ಡ ಭೇದವಿಲ್ಲ. ಯುರೋಪಿನ 2021ರ ಮಾರ್ಗಸೂಚಿ ಇದಕ್ಕೆ ಇನ್ನೆರಡು ಸೇರಿಸುತ್ತದೆ: ಮೂತ್ರ ಗಂಟೆಗೆ ಕೆಜಿಗೆ 0.5 ಮಿಲೀಗಿಂತ ಹೆಚ್ಚು ಬರಬೇಕು, ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು) ಸಹಜವಾಗಿರಬೇಕು ಇಲ್ಲವೇ ಇಳಿಯುತ್ತಿರಬೇಕು. ಅಂದರೆ 65 ಅನ್ನುವುದು ತಳಮಟ್ಟ. ಅದರ ಮೇಲೆ ಎಷ್ಟು ಬೇಕು ಅನ್ನುವುದನ್ನು ಆ ರೋಗಿಯ ಅಂಗಾಂಗಗಳನ್ನು ನೋಡಿ ತೀರ್ಮಾನಿಸಬೇಕು.

80ರ ವಾದ ಹುಟ್ಟಿದ್ದು ಎಲ್ಲಿಂದ ಅಂದರೆ, ಆರೋಗ್ಯವಂತ ಮಿದುಳು ಬಿಪಿ ಏರಿಳಿದರೂ ತನ್ನ ರಕ್ತದ ಹರಿವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಹೃದಯ ಸ್ತಂಭನದ ನಂತರ ಅನೇಕರಲ್ಲಿ ಈ ಶಕ್ತಿ ಕುಗ್ಗುತ್ತದೆ, ಅಥವಾ ಅದು ಕೆಲಸ ಮಾಡುವ ಬಿಪಿ ವ್ಯಾಪ್ತಿಯೇ ಮೇಲಕ್ಕೆ ಸರಿಯುತ್ತದೆ. ವಿಶೇಷವಾಗಿ ಹಳೆಯ ಬಿಪಿ ರೋಗಿಗಳಲ್ಲಿ. ಹಾಗಾಗಿ ಒತ್ತಡ ಏರಿಸಿದರೆ ಮಿದುಳು ಉಳಿಯಬಹುದು ಅನ್ನುವ ಊಹೆ ತರ್ಕಬದ್ಧವೇ. ಆದರೆ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಕೊಮಾಕೇರ್ ಪ್ರಯೋಗದಲ್ಲಿ 65-75 ಮತ್ತು 80-100 ಹೋಲಿಸಿದರು, 48 ಗಂಟೆಯ ಎನ್‌ಎಸ್‌ಇ (ಮಿದುಳಿನ ಹಾನಿ ಸೂಚಿಸುವ ರಕ್ತಪರೀಕ್ಷೆ) ಮಟ್ಟದಲ್ಲಿ ವ್ಯತ್ಯಾಸವಿಲ್ಲ. ನ್ಯೂರೋಪ್ರೊಟೆಕ್ಟ್‌ನಲ್ಲಿ 85-100 ಗುರಿ ಇಟ್ಟಾಗ ಮಿದುಳಿನ ಆಮ್ಲಜನಕದ ರೀಡಿಂಗ್ ಸುಧಾರಿಸಿತು, ಎಂಆರ್‌ಐನಲ್ಲಿ ಕಂಡ ಹಾನಿ ಕಡಿಮೆಯಾಗಲಿಲ್ಲ.

ದೊಡ್ಡ ಉತ್ತರ ಬಂದದ್ದು 2022ರ ಬಾಕ್ಸ್ ಪ್ರಯೋಗದಿಂದ. ಡೆನ್ಮಾರ್ಕಿನ ಕೋಪನ್‌ಹೇಗನ್ ಮತ್ತು ಓಡೆನ್ಸೆ, 789 ರೋಗಿಗಳು. ಅದರ ವಿಧಾನ ಬಹಳ ಅಚ್ಚುಕಟ್ಟು: ಬಿಪಿ ಮಾಡ್ಯೂಲ್‌ಗಳನ್ನೇ ಶೇ. 10ರಷ್ಟು ಮೇಲೆ ಅಥವಾ ಕೆಳಗೆ ತೋರಿಸುವಂತೆ ಹೊಂದಿಸಿದ್ದರು. ಸಿಬ್ಬಂದಿ ಎಲ್ಲ ರೋಗಿಗಳಿಗೂ ಮಾನಿಟರಿನಲ್ಲಿ 70 ಹಿಡಿದರು, ನಿಜವಾದ ಗುರಿ ಒಂದು ಗುಂಪಿಗೆ 63, ಇನ್ನೊಂದಕ್ಕೆ 77 ಆಗಿತ್ತು. ಯಾರು ಯಾವ ಗುಂಪು ಅಂತ ಹಾಸಿಗೆ ಪಕ್ಕದಲ್ಲಿದ್ದವರಿಗೂ ಗೊತ್ತಿಲ್ಲ. 90 ದಿನಗಳೊಳಗೆ ಸಾವು ಅಥವಾ ಮಿದುಳಿಗೆ ತೀವ್ರ ಹಾನಿ ಮೇಲಿನ ಗುಂಪಿನಲ್ಲಿ ಶೇ. 34, ಕೆಳಗಿನದರಲ್ಲಿ ಶೇ. 32. ಲಾಭವಿಲ್ಲ.

ಇದನ್ನು ಎಲ್ಲರಿಗೂ ಅನ್ವಯಿಸುವಾಗ ಒಂದು ಎಚ್ಚರ ಬೇಕು. ಬಾಕ್ಸ್‌ನಲ್ಲಿದ್ದವರು ಆಸ್ಪತ್ರೆಯ ಹೊರಗೆ, ಹೃದಯದ ಕಾರಣದಿಂದಲೇ ಕುಸಿದವರು. ನೀರಿನಲ್ಲಿ ಮುಳುಗಿ, ನೇಣಿನಿಂದ, ಉಸಿರು ಕಟ್ಟಿ ಸ್ತಂಭನವಾದವರ ಮಿದುಳಿನ ಊತದ ಲೆಕ್ಕವೇ ಬೇರೆ.

ನಾನು ಬರೆಯುವುದು ಹೀಗೆ: "ಎಂಎಪಿ 65ಕ್ಕಿಂತ ಕಡಿಮೆ ಬೇಡ, ಆರಂಭಕ್ಕೆ 65-75. ಹಳೆಯ ಬಿಪಿ ಇದ್ದು ಮೂತ್ರ ಇಳಿದರೆ 75-80ಕ್ಕೆ ಏರಿಸಿ ಎರಡು ಗಂಟೆ ನೋಡಿ, ಫಲವಿಲ್ಲದಿದ್ದರೆ ಹಿಂದಕ್ಕೆ ತನ್ನಿ." ಕೊನೆಯ ಮೂರು ಪದಗಳನ್ನು ಬರೆಯದೇ ಬಿಟ್ಟರೆ ಏರಿಸಿದ ಡೋಸ್ ಬೆಳಗಿನವರೆಗೂ ಹಾಗೇ ಓಡುತ್ತಿರುತ್ತದೆ.

ಐಸಿಯು_ಸಿಸ್ಟರ್

ಮೇಡಂ ಹೇಳಿದ 65 ನಿಜವಾದ 65 ಹೌದೋ ಅಲ್ಲವೋ ಅನ್ನುವುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಆರ್ಟೀರಿಯಲ್ ಲೈನಿನ (ಬಿಪಿ ನೋಡಲು ಅಪಧಮನಿಗೆ ಹಾಕಿದ ನಳಿಕೆ) ಟ್ರಾನ್ಸ್‌ಡ್ಯೂಸರ್, ಅಂದರೆ ಒತ್ತಡ ಅಳೆಯುವ ಸಾಧನ, ನಾಲ್ಕನೇ ಪಕ್ಕೆಲುಬಿನ ಸಂದು, ಕಂಕುಳಿನ ಮಧ್ಯರೇಖೆ ಸೇರುವ ಮಟ್ಟದಲ್ಲಿರಬೇಕು. 10 ಸೆಂ.ಮೀ. ಕೆಳಗೆ ಜೋತುಬಿದ್ದರೆ ಸುಮಾರು 7-8 ಮಿ.ಮೀ. ಹೆಚ್ಚು ತೋರಿಸುತ್ತದೆ. ಅಂದರೆ ಪರದೆಯಲ್ಲಿ 66, ರೋಗಿಗೆ ಸಿಗುತ್ತಿರುವುದು 58. ಮಂಚ ಏರಿಸಿ ಇಳಿಸಿದಾಗ, ಪಕ್ಕಕ್ಕೆ ಹೊರಳಿಸಿದಾಗ, ಸಿಟಿ ಸ್ಕ್ಯಾನಿಗೆ ಹೋಗಿ ಬಂದಾಗ ತಪ್ಪದೆ ಮಟ್ಟ ನೋಡಿ. ಟ್ರಾನ್ಸ್‌ಡ್ಯೂಸರನ್ನು ಐವಿ ಸ್ಟ್ಯಾಂಡಿಗೆ ಕಟ್ಟಿದ್ದರೆ ಮಂಚದ ಜೊತೆ ಅದು ಏರಿಳಿಯುವುದಿಲ್ಲ, ತಪ್ಪು ಹೆಚ್ಚಾಗಿ ಆಗುವುದು ಅಲ್ಲೇ.

ಆಮೇಲೆ ಫ್ಲಶ್ ಟೆಸ್ಟ್. ಟ್ರಾನ್ಸ್‌ಡ್ಯೂಸರಿನ ಫ್ಲಶ್ ಬಾಲ ಎಳೆದು ತಟ್ಟನೆ ಬಿಟ್ಟರೆ ಚೌಕಾಕಾರದ ಅಲೆ ಬಂದು, ಒಂದೆರಡು ಸಲ ತೂಗಿ, ಮಾಮೂಲಿ ಅಲೆಗೆ ಮರಳಬೇಕು. ತೂಗಾಟವೇ ಇಲ್ಲದೆ ನಿಧಾನ ಜಾರಿದರೆ ಲೈನ್ ಮಂಕಾಗಿದೆ: ಗಾಳಿಗುಳ್ಳೆ, ರಕ್ತದ ಹೆಪ್ಪು, ಮಣಿಕಟ್ಟಿನಲ್ಲಿ ಮಡಿಕೆ, ಅಥವಾ ಪ್ರೆಷರ್ ಬ್ಯಾಗ್ 300ಕ್ಕಿಂತ ಕೆಳಗಿಳಿದಿದೆ. ಮಂಕಾದ ಲೈನಿನಲ್ಲಿ ಸಿಸ್ಟಾಲಿಕ್ ಕಡಿಮೆ, ಡಯಾಸ್ಟಾಲಿಕ್ ಹೆಚ್ಚು ಕಾಣುತ್ತದೆ. ಎಂಎಪಿ ಅಷ್ಟಾಗಿ ಕೆಡುವುದಿಲ್ಲ. ಗುರಿಯನ್ನು ಸಿಸ್ಟಾಲಿಕ್‌ನಲ್ಲಿ ಬರೆಯದೆ ಎಂಎಪಿಯಲ್ಲಿ ಬರೆಯಿರಿ ಅಂತ ನಾವು ಕೇಳಿಕೊಳ್ಳುವುದು ಇದಕ್ಕೂ ಸೇರಿ.

ನಾರ್‌ಅಡ್ರಿನಲಿನ್ ಡೋಸ್ ಜಾಸ್ತಿ ಇರುವಾಗ ಮಣಿಕಟ್ಟಿನ ಲೈನ್ ನಿಜಕ್ಕಿಂತ ಕಡಿಮೆ ತೋರಿಸಬಹುದು. ಕೈ ತಣ್ಣಗಿದ್ದು ತೊಡೆಸಂದಿಯ ನಾಡಿ ಗಟ್ಟಿಯಾಗಿ ಸಿಗುತ್ತಿದ್ದರೆ ಡಾಕ್ಟರಿಗೆ ಹೇಳಿ ಫೆಮೊರಲ್ ಲೈನ್ ಹಾಕಿಸಿ ಹೋಲಿಸಿ. ಹತ್ತಾರು ಮಿ.ಮೀ. ವ್ಯತ್ಯಾಸ ಸಿಕ್ಕರೆ ಡೋಸ್ ಅರ್ಧಕ್ಕೆ ಇಳಿಯುವುದೂ ಉಂಟು.

ಪಿಜಿ_ಅರಿವಳಿಕೆ

ಸಿಸ್ಟರ್, ತಲೆ 30 ಡಿಗ್ರಿ ಎತ್ತಿ ಇಟ್ಟಿರುತ್ತೇವಲ್ಲ, ಆಗ ಟ್ರಾನ್ಸ್‌ಡ್ಯೂಸರ್ ಕಿವಿಯ ಮಟ್ಟಕ್ಕೆ ಇಡಬೇಕೇ?

ತೀವ್ರನಿಗಾ_ತಜ್ಞೆ

ಇದಕ್ಕೆ ನಾನು ಉತ್ತರಿಸುತ್ತೇನೆ. ಮೇಲೆ ಹೇಳಿದ ಪ್ರಯೋಗಗಳ ಮತ್ತು ಮಾರ್ಗಸೂಚಿಗಳ ಸಂಖ್ಯೆಗಳನ್ನು ಹೃದಯದ ಮಟ್ಟದ ಎಂಎಪಿ ಅಂತಲೇ ಓದಿಕೊಳ್ಳಿ, ಟ್ರಾನ್ಸ್‌ಡ್ಯೂಸರ್ ಅಲ್ಲೇ ಇರಲಿ. ಆದರೆ ಕಿವಿ ಹೃದಯಕ್ಕಿಂತ 15 ಸೆಂ.ಮೀ. ಮೇಲಿದ್ದರೆ ಮಿದುಳಿನ ಬುಡಕ್ಕೆ ಮುಟ್ಟುವ ಒತ್ತಡ ಸುಮಾರು 11 ಕಡಿಮೆ ಅನ್ನುವುದು ನೆನಪಿರಲಿ. ಎಂಎಪಿ 65ರ ಅಂಚಿನಲ್ಲಿ ತೂಗಾಡುತ್ತಿರುವಾಗ ಬೆನ್ನು 45 ಡಿಗ್ರಿಗೆ ಏರಿಸುವುದು ಬೇಡ. ಐಸಿಪಿ (ತಲೆಯೊಳಗಿನ ಒತ್ತಡ) ಅಳೆಯುತ್ತಿದ್ದರೆ ಮಾತ್ರ ಎರಡೂ ಟ್ರಾನ್ಸ್‌ಡ್ಯೂಸರುಗಳು ಒಂದೇ ಮಟ್ಟದಲ್ಲಿರಬೇಕು. ಯಾವ ಮಟ್ಟ ಅನ್ನುವುದನ್ನು ಚಾರ್ಟಿನಲ್ಲಿ ಬರೆದಿಡಿ.

ಹೃದ್ರೋಗ_ತಜ್ಞ

ಬಿಪಿ ಯಾಕೆ ಬೀಳುತ್ತದೆ ಅನ್ನುವುದಕ್ಕೆ ಬರುತ್ತೇನೆ. ನಾಡಿ ಮರಳಿದ ಮೊದಲ ಕೆಲವು ನಿಮಿಷ ಬಿಪಿ ಚೆನ್ನಾಗಿಯೇ, ಕೆಲವೊಮ್ಮೆ 180-190 ಇರುತ್ತದೆ. ಅದು ಸಿಪಿಆರ್ ಹೊತ್ತಿನಲ್ಲಿ ಕೊಟ್ಟ ಅಡ್ರಿನಲಿನ್‌ನ ಪ್ರಭಾವ. 5-10 ನಿಮಿಷದಲ್ಲಿ ಅದು ಕರಗಿ ಹೋಗುತ್ತದೆ, ಬಿಪಿ ಜಾರುತ್ತದೆ. ಆದ್ದರಿಂದ ಆ ಮೊದಲ ರೀಡಿಂಗ್ ನೋಡಿ ಬಿಪಿ ಇಳಿಸುವ ಔಷಧಿ ಕೊಡಬೇಡಿ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ನಾರ್‌ಅಡ್ರಿನಲಿನ್ ಸಿರಿಂಜ್ ತುಂಬಿ, ಪಂಪಿಗೆ ಜೋಡಿಸಿ, ಸಿದ್ಧವಾಗಿ ನಿಲ್ಲುವುದು. ಇಸಿಜಿಯನ್ನೂ ತೀರಾ ಬೇಗ ನಂಬಬೇಡಿ. ನಾಡಿ ಮರಳಿ ಎಂಟು ನಿಮಿಷವಾದರೂ ಕಳೆದ ಮೇಲೆ ತೆಗೆದ ಇಸಿಜಿಯಲ್ಲಿ ಎಸ್‌ಟಿ ಏರಿಕೆಯ (ಹೃದಯಾಘಾತದ ಗುರುತು) ಸುಳ್ಳು ಸುಳಿವು ಕಡಿಮೆ.

ಆಮೇಲೆ ಎರಡು ಸಮಸ್ಯೆ ಒಟ್ಟೊಟ್ಟಿಗೆ ಬರುತ್ತವೆ. ಒಂದು, ಹೃದಯದ ಸ್ನಾಯು ಮರಗಟ್ಟಿದಂತಾಗುವುದು. ರಕ್ತನಾಳ ಬ್ಲಾಕ್ ಇಲ್ಲದಿದ್ದರೂ ಪಂಪ್ ಮಾಡುವ ಶಕ್ತಿ ಕುಸಿಯುತ್ತದೆ. ಸಾಮಾನ್ಯವಾಗಿ ಸುಮಾರು ಎಂಟನೇ ಗಂಟೆಯ ಹೊತ್ತಿಗೆ ತೀರಾ ತಳ ಮುಟ್ಟಿ, 24 ಗಂಟೆಯಿಂದ ಚೇತರಿಸಿಕೊಂಡು, 48-72 ಗಂಟೆಗಳಲ್ಲಿ ಬಹುಪಾಲು ಸುಧಾರಿಸುತ್ತದೆ. ಮೊದಲ ದಿನದ ಇಎಫ್ (ಪ್ರತಿ ಬಡಿತಕ್ಕೆ ಕುಹರ ಹೊರದೂಡುವ ರಕ್ತದ ಶೇಕಡಾ ಪಾಲು) 20 ನೋಡಿ ಕೈಚೆಲ್ಲಬಾರದು, ಇದು ಬಹಳ ಮುಖ್ಯ. ಎರಡು, ಇಡೀ ದೇಹ ರಕ್ತವಿಲ್ಲದೆ ಇದ್ದು ಮತ್ತೆ ರಕ್ತ ಪಡೆದಾಗ ಏಳುವ ಉರಿಯೂತ. ಸೆಪ್ಸಿಸ್‌ನಂತೆಯೇ ರಕ್ತನಾಳಗಳು ಸಡಿಲಗೊಳ್ಳುತ್ತವೆ.

ಇವೆರಡರಲ್ಲಿ ಯಾವುದರ ಪಾಲು ಹೆಚ್ಚು ಅನ್ನುವುದು ಎಂಎಪಿಯಿಂದ ತಿಳಿಯದು. 60ರ ಎಂಎಪಿ 76/52 ಆಗಿಯೂ ಬರಬಹುದು, 100/40 ಆಗಿಯೂ ಬರಬಹುದು. ಮೊದಲನೆಯದರಲ್ಲಿ ಅಂತರ ಕಿರಿದು, ಕೈಕಾಲು ತಣ್ಣಗೆ, ಮೊಣಕಾಲಿನ ಮೇಲೆ ಜಾಲದಂತೆ ನೀಲಿ ಕಲೆ: ಪಂಪ್ ಸೋತಿದೆ. ಎರಡನೆಯದರಲ್ಲಿ ಕೈ ಬೆಚ್ಚಗೆ, ಡಯಾಸ್ಟಾಲಿಕ್ ತಗ್ಗು: ನಾಳ ಸಡಿಲಾಗಿದೆ. ಪಂಪ್ ಸೋತವರಿಗೆ ನಾರ್‌ಅಡ್ರಿನಲಿನ್ ಒಂದನ್ನೇ ಏರಿಸುತ್ತಾ ಹೋದರೆ ಸಂಖ್ಯೆ 65 ಮುಟ್ಟುತ್ತದೆ, ಹೃದಯ ಎದುರಿಸಬೇಕಾದ ತಡೆಯೂ ಹೆಚ್ಚುತ್ತದೆ, ರಕ್ತದ ಹರಿವು ಇನ್ನೂ ಕಡಿಮೆಯಾಗುತ್ತದೆ. ಚಾರ್ಟ್ ಚೆನ್ನಾಗಿ ಕಾಣುತ್ತದೆ, ಲ್ಯಾಕ್ಟೇಟ್ ಏರುತ್ತದೆ.

ಎಕೋದಲ್ಲಿ ಎಡಕುಹರದ ಹೊರದಾರಿಯ ವಿಟಿಐ (ಒಂದು ಬಡಿತದಲ್ಲಿ ರಕ್ತ ಅಲ್ಲಿ ಸಾಗುವ ದೂರ, ಸೆಂ.ಮೀ.ನಲ್ಲಿ) ಅಳೆಯಿರಿ. ಹೊರದಾರಿ 2 ಸೆಂ.ಮೀ. ವ್ಯಾಸವಿದ್ದರೆ ವಿಸ್ತೀರ್ಣ 3.14. ವಿಟಿಐ 10 ಬಂದರೆ ಒಂದು ಬಡಿತಕ್ಕೆ 31 ಮಿಲೀ, ನಾಡಿ 90 ಇದ್ದರೆ ನಿಮಿಷಕ್ಕೆ 2.8 ಲೀಟರ್. ವಯಸ್ಕರಿಗೆ ಇದು ಕಡಿಮೆಯೇ. ಇಲ್ಲಿ ಡೊಬ್ಯುಟಮಿನ್ (ಹೃದಯದ ಹಿಂಡುವ ಶಕ್ತಿ ಹೆಚ್ಚಿಸುವ ಔಷಧಿ) 2-3 ಮೈಕ್ರೋಗ್ರಾಂ/ಕೆಜಿ/ನಿಮಿಷದಿಂದ ಶುರು ಮಾಡಿ, ಅರ್ಧ ಗಂಟೆಯ ನಂತರ ವಿಟಿಐ ಮತ್ತೆ ನೋಡಿ. ವಿಟಿಐ ಏರದೆ ನಾಡಿ ಮಾತ್ರ 120 ಆದರೆ ಡೋಸ್ ಹೆಚ್ಚಿಸುವುದು ವ್ಯರ್ಥ. ಚಿಕ್ಕ, ದಪ್ಪ ಗೋಡೆಯ ಕುಹರ ಜೋರಾಗಿ ಹಿಂಡಿಕೊಳ್ಳುತ್ತಿದ್ದು ಹೊರದಾರಿ ಮುಚ್ಚಿಕೊಳ್ಳುತ್ತಿದ್ದರೆ ಡೊಬ್ಯುಟಮಿನ್ ಕೊಡಲೇಬೇಡಿ, ಅಲ್ಲಿ ಬೇಕಾದ್ದು ದ್ರವ ಮತ್ತು ನಾಳ ಬಿಗಿಸುವ ಔಷಧಿ.

ಕ್ಲಿನಿಕಲ್_ಫಾರ್ಮಸಿಸ್ಟ್

ತಯಾರಿಕೆಯ ಲೆಕ್ಕ. ನಾರ್‌ಅಡ್ರಿನಲಿನ್ 4 ಮಿ.ಗ್ರಾಂ ಅನ್ನು 5% ಡೆಕ್ಸ್‌ಟ್ರೋಸ್ ಸೇರಿಸಿ ಒಟ್ಟು 50 ಮಿಲೀ ಮಾಡಿದರೆ ಮಿಲೀಗೆ 80 ಮೈಕ್ರೋಗ್ರಾಂ. 60 ಕೆಜಿ ರೋಗಿಗೆ 0.1 ಅಂದರೆ ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ, ಪಂಪಿನಲ್ಲಿ 4.5 ಮಿಲೀ/ಗಂಟೆ. ವಾಸೊಪ್ರೆಸಿನ್ (ನಾಳ ಬಿಗಿಸುವ ಇನ್ನೊಂದು ಔಷಧಿ) 20 ಯೂನಿಟ್ 50 ಮಿಲೀಗೆ ಹಾಕಿದರೆ ಮಿಲೀಗೆ 0.4 ಯೂನಿಟ್, ನಿಮಿಷಕ್ಕೆ 0.03 ಯೂನಿಟ್ ಅಂದರೂ 4.5 ಮಿಲೀ/ಗಂಟೆಯೇ. ಎರಡು ಪಂಪುಗಳಲ್ಲಿ ಒಂದೇ ಸಂಖ್ಯೆ ಕಾಣುವುದರಿಂದ ಸಿರಿಂಜಿಗೂ ಲೈನಿನ ತುದಿಗೂ ಬೇರೆ ಬಣ್ಣದ ಲೇಬಲ್ ಅಂಟಿಸಿ. ವಾಸೊಪ್ರೆಸಿನ್ ಅನ್ನು ನಾರ್‌ಅಡ್ರಿನಲಿನ್‌ನಂತೆ ನಿಮಿಷ ನಿಮಿಷಕ್ಕೆ ಏರಿಸಿ ಇಳಿಸುವಂತಿಲ್ಲ. ಡೊಬ್ಯುಟಮಿನ್ 250 ಮಿ.ಗ್ರಾಂ 50 ಮಿಲೀಗೆ, ಮಿಲೀಗೆ 5 ಮಿ.ಗ್ರಾಂ, ಅದೇ ರೋಗಿಗೆ 5 ಮೈಕ್ರೋಗ್ರಾಂ/ಕೆಜಿ/ನಿಮಿಷ ಅಂದರೆ 3.6 ಮಿಲೀ/ಗಂಟೆ.

ಆಂಪ್ಯೂಲ್ ಮೇಲಿನ ಮಿಲಿಗ್ರಾಂ ಲವಣದ್ದೋ ಶುದ್ಧ ನಾರ್‌ಅಡ್ರಿನಲಿನ್‌ನದೋ ಓದಿಕೊಳ್ಳಿ. ಬೈಟಾರ್ಟ್ರೇಟ್ ಲವಣ 2 ಮಿ.ಗ್ರಾಂನಲ್ಲಿ ಶುದ್ಧ ಔಷಧಿ ಇರುವುದು 1 ಮಿ.ಗ್ರಾಂ ಮಾತ್ರ. ರೋಗಿ ಬೇರೆ ಆಸ್ಪತ್ರೆಯಿಂದ ಬಂದಾಗ "0.4ರಲ್ಲಿ ಇದ್ದಾರೆ" ಅನ್ನುವ ಮಾತು ನಿಮ್ಮ ಲೆಕ್ಕದಲ್ಲಿ 0.2 ಆಗಿರಬಹುದು. ಪ್ರಯೋಗಗಳ ಡೋಸ್ ಹೋಲಿಸುವಾಗಲೂ ಇದೇ ತೊಡಕು.

ಡೋಪಮಿನ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2010ರ ಸೋಪ್-2 ಪ್ರಯೋಗದಲ್ಲಿ ಡೋಪಮಿನ್ ಪಡೆದವರಲ್ಲಿ ಲಯ ತಪ್ಪುವಿಕೆ ಶೇ. 24, ನಾರ್‌ಅಡ್ರಿನಲಿನ್ ಪಡೆದವರಲ್ಲಿ ಶೇ. 12. ಈಗಷ್ಟೇ ವಿಎಫ್‌ನಿಂದ (ಹೃದಯ ಬರಿದೇ ಅದುರುವ ಮಾರಕ ಲಯ) ಹೊರಬಂದ ಹೃದಯಕ್ಕೆ ಅದು ಬೇಡ. ಅಡ್ರಿನಲಿನ್ ಇನ್‌ಫ್ಯೂಷನ್ ಕೂಡ ಮೊದಲ ಆಯ್ಕೆಯಲ್ಲ. ಅದು ಲ್ಯಾಕ್ಟೇಟನ್ನು ತಾನೇ ಏರಿಸುವುದರಿಂದ ರೋಗಿ ಸುಧಾರಿಸುತ್ತಿದ್ದಾರೋ ಹದಗೆಡುತ್ತಿದ್ದಾರೋ ತಿಳಿಯದಂತಾಗುತ್ತದೆ.

ಐಸಿಯು_ಸಿಸ್ಟರ್

ಫಾರ್ಮಸಿಸ್ಟ್ ಸರ್ ಹೇಳಿದ್ದಕ್ಕೆ ಪಂಪಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಬಿಪಿ ಏಕಾಏಕಿ ಬೀಳುವುದು ಬಹಳ ಸಲ ಸಿರಿಂಜ್ ಬದಲಿಸುವಾಗ. ಹಳೆಯ ಸಿರಿಂಜಿನಲ್ಲಿ ಅರ್ಧ ಗಂಟೆಯ ಔಷಧಿ ಉಳಿದಿರುವಾಗಲೇ ಹೊಸದನ್ನು ಎರಡನೇ ಪಂಪಿಗೆ ಹಾಕಿ. ಲೈನ್ ತುದಿಯಲ್ಲಿ ಹನಿ ಕಾಣುವವರೆಗೆ ಪರ್ಜ್ ಮಾಡಿ. ಜೋಡಿಸುವ ಮೊದಲೇ ಕೆಲವು ನಿಮಿಷ ಅದೇ ವೇಗದಲ್ಲಿ ಓಡಲು ಬಿಡಿ, ಆಗ ಪಂಪಿನ ತಳ್ಳುಗೋಲು ಸಿರಿಂಜಿಗೆ ಬಿಗಿಯಾಗಿ ಕೂರುತ್ತದೆ. ನಂತರ ತ್ರೀ-ವೇ ತೆರೆದು, ಬಿಪಿ ಏರತೊಡಗಿದ ಕೂಡಲೇ ಹಳೆಯದನ್ನು ನಿಲ್ಲಿಸಿ. ಒಂದೇ ಪಂಪ್ ಇದ್ದರೆ ಬದಲಾವಣೆ ತ್ವರಿತವಾಗಿ, ಇಬ್ಬರು ಸೇರಿ ಮಾಡಿ. ಹೊಸ ಸಿರಿಂಜ್ ಕೈಯಲ್ಲಿ ಹಿಡಿಯದೆ ಹಳೆಯದನ್ನು ತೆಗೆಯಬೇಡಿ.

ಲೈನಿನೊಳಗೆ 1 ಮಿಲೀ ಜಾಗವಿದ್ದು ವೇಗ 2 ಮಿಲೀ/ಗಂಟೆ ಇದ್ದರೆ ಔಷಧಿ ರಕ್ತ ಮುಟ್ಟಲು ಅರ್ಧ ಗಂಟೆ. ಶುರು ಮಾಡಿದೆ, ಏರಲಿಲ್ಲ ಅಂತ ಡೋಸ್ ಹೆಚ್ಚಿಸುತ್ತಾ ಹೋದರೆ ಆಮೇಲೆ ಒಮ್ಮೆಗೇ 200 ಮುಟ್ಟುತ್ತದೆ. ಈ ಔಷಧಿ ಓಡುವ ಲ್ಯೂಮೆನ್‌ನಲ್ಲಿ (ಸೆಂಟ್ರಲ್ ಲೈನಿನ ಒಂದು ಕವಲು) ಬೇರೆ ಯಾವ ಇಂಜೆಕ್ಷನ್ನೂ ಫ್ಲಶ್ಶೂ ಹೋಗಬಾರದು, ಸಿವಿಪಿಯನ್ನೂ (ಕೇಂದ್ರ ಸಿರೆಯ ಒತ್ತಡ) ಅದರಲ್ಲಿ ಅಳೆಯಬಾರದು. ಓಡುತ್ತಿರುವ ಪಂಪನ್ನು ಸ್ಟ್ಯಾಂಡಿನಲ್ಲಿ ಮೇಲೆ ಕೆಳಗೆ ಸರಿಸಬೇಡಿ: ಮೇಲೆತ್ತಿದರೆ ಒಂದಿಷ್ಟು ಔಷಧಿ ಒಮ್ಮೆಗೇ ನುಗ್ಗುತ್ತದೆ, ಇಳಿಸಿದರೆ ಕೆಲ ನಿಮಿಷ ನಿಲ್ಲುತ್ತದೆ.

ಸೆಂಟ್ರಲ್ ಲೈನ್ ಇನ್ನೂ ಸಿಕ್ಕಿಲ್ಲವೆಂದು ಕಾಯುವುದು ಬೇಡ. ಮೊಣಕೈ ಮಡಿಕೆಯಲ್ಲಿ ಅಥವಾ ಅದರ ಮೇಲೆ ದಪ್ಪ ಸಿರೆಯಲ್ಲಿ ತೆಳುವಾದ ದ್ರಾವಣ ಓಡಿಸಬಹುದು, ಗಂಟೆಗೊಮ್ಮೆಯಾದರೂ ಆ ಜಾಗ ಮುಟ್ಟಿ ನೋಡಬೇಕು. ಚರ್ಮ ಬಿಳಚಿ ಗಟ್ಟಿಯಾದರೆ ಕ್ಯಾನುಲಾ ಕೀಳುವ ಮೊದಲು ಅದರಿಂದಲೇ ಆದಷ್ಟು ಹಿಂದಕ್ಕೆ ಎಳೆಯಿರಿ, ಫೆಂಟೊಲಮಿನ್ 5-10 ಮಿ.ಗ್ರಾಂ 10 ಮಿಲೀ ಸಲೈನಿನಲ್ಲಿ ಬೆರೆಸಿ ಸುತ್ತಲೂ ಚರ್ಮದಡಿ ಕೊಡಿಸಿ.

ಪಿಜಿ_ಅರಿವಳಿಕೆ

ಈಗ ನನ್ನ ಎರಡನೇ ಪ್ರಶ್ನೆ ಉಳಿಯಿತು. 0.3, ಎಂಎಪಿ 60. ದ್ರವ ಕೊಡಲೇ?

ತೀವ್ರನಿಗಾ_ತಜ್ಞೆ

ಔಷಧಿ ಸೇರಿಸುವ ಮೊದಲು ಐದು ನಿಮಿಷ ರೋಗಿಯನ್ನು ನೋಡಿ. ಎದೆ ಒತ್ತಿದ ಮೇಲೆ ಪಕ್ಕೆಲುಬು ಮುರಿದಿರುತ್ತದೆ, ಮೇಲಿಂದ ವೆಂಟಿಲೇಟರಿನ ಒತ್ತಡ ಬೇರೆ. ಆದ್ದರಿಂದ ಮೊದಲ ಅನುಮಾನ ಟೆನ್ಷನ್ ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ತುಂಬಿ ಹೃದಯವನ್ನು ಒತ್ತುವುದು) ಮೇಲೆ. ಎರಡೂ ಕಡೆ ಉಸಿರು ಕೇಳಿ, ಅಲ್ಟ್ರಾಸೌಂಡಿನಲ್ಲಿ ಶ್ವಾಸಕೋಶದ ಜಾರಾಟ ನೋಡಿ. ಎಕ್ಸ್-ರೇಗೆ ಕಾಯಬೇಡಿ. ಅದೇ ಪ್ರೋಬ್ ಹೃದಯದ ಮೇಲಿಟ್ಟು ಸುತ್ತ ರಕ್ತ ತುಂಬಿದೆಯೇ, ಬಲಕುಹರ ಉಬ್ಬಿದೆಯೇ ಅಂತ ನೋಡಿ. ಉಬ್ಬಿದ್ದರೆ ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು) ನೆನಪಿರಲಿ, ಆದರೆ ಸ್ತಂಭನದ ನಂತರ ಬೇರೆ ಕಾರಣಕ್ಕೂ ಬಲಕುಹರ ಕೆಲಕಾಲ ಉಬ್ಬಿರುತ್ತದೆ. ಹೊಟ್ಟೆಗೂ ಒಮ್ಮೆ ಇಡಿ: ಯಕೃತ್ತು ಹರಿದು ರಕ್ತ ಸೋರುವುದು ಸಿಪಿಆರ್ ನಂತರ ಆಗುತ್ತದೆ, ಹೆಪಾರಿನ್ ಕೊಟ್ಟಿದ್ದರೆ ಇನ್ನೂ ಹೆಚ್ಚು. ಆಸ್ತಮಾ, ಸಿಒಪಿಡಿ ರೋಗಿಯಾದರೆ ವೆಂಟಿಲೇಟರ್ ಟ್ಯೂಬನ್ನು ಕೆಲವು ಸೆಕೆಂಡ್ ಬಿಡಿಸಿ. ಗಾಳಿ ಹೊರಬಂದು ಬಿಪಿ ಏರಿದರೆ ಎದೆಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು ಅಂತ ಅರ್ಥ.

ಅದರ ಜೊತೆಗೇ ರಕ್ತದ ಗ್ಯಾಸ್: ಪಿಎಚ್ 7.2ಕ್ಕಿಂತ ಕೆಳಗಿದೆಯೇ, ಅಯಾನೀಕೃತ ಕ್ಯಾಲ್ಸಿಯಂ 1.0ಕ್ಕಿಂತ ಕಡಿಮೆ ಇದೆಯೇ, ಪೊಟ್ಯಾಸಿಯಂ ಎಷ್ಟು. ಇಂಗಾಲದ ಡೈಆಕ್ಸೈಡ್ 35-45ರ ನಡುವೆ ಇರಲಿ. ಆಮ್ಲತೆ ಸರಿಪಡಿಸಲು ಉಸಿರಿನ ವೇಗ 30ಕ್ಕೆ ಏರಿಸಿದರೆ ಅದು 25ಕ್ಕೆ ಇಳಿದು ಮಿದುಳಿನ ರಕ್ತನಾಳ ಕುಗ್ಗುತ್ತದೆ. ಬಿಪಿ ಏರಿಸಿ ಗಳಿಸಬೇಕೆಂದದ್ದನ್ನು ಅಲ್ಲೇ ಕಳೆದುಕೊಳ್ಳುತ್ತೀರಿ.

ಆಮೇಲೆ ಪ್ರೊಪೊಫಾಲ್ (ನಿದ್ರೆ ಬರಿಸುವ, ಬಿಪಿಯನ್ನೂ ಇಳಿಸುವ ಔಷಧಿ). ಇದನ್ನು ಯಾಕೋ ಎಲ್ಲರೂ ಕೊನೆಗೆ ನೋಡುತ್ತಾರೆ. ನಾರ್‌ಅಡ್ರಿನಲಿನ್ 0.3, ಪಕ್ಕದ ಪಂಪಿನಲ್ಲಿ ಪ್ರೊಪೊಫಾಲ್ ಗಂಟೆಗೆ 4 ಮಿ.ಗ್ರಾಂ/ಕೆಜಿ ಓಡುತ್ತಿದ್ದರೆ ಒಂದು ಔಷಧಿ ಇನ್ನೊಂದರ ವಿರುದ್ಧ ಎಳೆಯುತ್ತಿದೆ. ಫೆಂಟನಿಲ್ ಆಧಾರ ಮಾಡಿಕೊಂಡು ಪ್ರೊಪೊಫಾಲ್ ಅರ್ಧಕ್ಕಿಳಿಸಿ, ಬೋಲಸ್ ಬೇಡ.

ದ್ರವದ ಪ್ರಶ್ನೆ: ಮೊದಲು ಎರಡೂ ಕಾಲನ್ನು 45 ಡಿಗ್ರಿ ಎತ್ತಿ ಒಂದು ನಿಮಿಷದಲ್ಲಿ ವಿಟಿಐ ನೋಡಿ. ಶೇ. 10-15 ಏರಿದರೆ 250 ಮಿಲೀ ರಿಂಗರ್ ಲ್ಯಾಕ್ಟೇಟ್ 10-15 ನಿಮಿಷದಲ್ಲಿ ಕೊಟ್ಟು ಮತ್ತೆ ಅಳೆಯಿರಿ. ಏರದಿದ್ದರೆ ಕೊಡಬೇಡಿ. ಒಮ್ಮೆಗೇ ಎರಡು ಲೀಟರ್ ಸುರಿಯುವುದರ ಅಪಾಯಕ್ಕೆ ಸಾಕ್ಷ್ಯವಿದೆ: ಸಿಯಾಟಲ್‌ನ 2014ರ ಪ್ರಯೋಗದಲ್ಲಿ ಆಂಬುಲೆನ್ಸಿನಲ್ಲೇ 4 ಡಿಗ್ರಿಯ ತಣ್ಣನೆ ಸಲೈನ್ 2 ಲೀಟರ್‌ವರೆಗೆ ಕೊಟ್ಟವರಲ್ಲಿ ಮತ್ತೆ ಸ್ತಂಭನ ಮತ್ತು ಶ್ವಾಸಕೋಶದಲ್ಲಿ ನೀರು ತುಂಬುವುದು ಹೆಚ್ಚಾಗಿತ್ತು.

ಇಷ್ಟೆಲ್ಲ ಆದಮೇಲೆ ನಾಳ ಸಡಿಲವಿದ್ದರೆ ವಾಸೊಪ್ರೆಸಿನ್ 0.03, ಪಂಪ್ ಸೋತಿದ್ದರೆ ಡೊಬ್ಯುಟಮಿನ್. ಎರಡೂ ಸೇರಿದ್ದರೆ ಎರಡೂ. ಹೈಡ್ರೊಕಾರ್ಟಿಸೋನ್ ಎಲ್ಲರಿಗೂ ಕೊಡುವಂಥದ್ದಲ್ಲ.

ಹೃದ್ರೋಗ_ತಜ್ಞ

ಇದಕ್ಕೂ ಬಗ್ಗದಿದ್ದರೆ ಯಂತ್ರದ ನೆರವಿನ ಮಾತು ಬರುತ್ತದೆ, ಅದನ್ನು ಮೂರನೇ ಔಷಧಿಯ ಹೊತ್ತಿಗೇ ಚರ್ಚಿಸಿ. ಬಲೂನ್ ಪಂಪನ್ನು ಎಲ್ಲರಿಗೂ ಹಾಕುವುದಕ್ಕೆ 2012ರ ಐಎಬಿಪಿ-ಶಾಕ್ 2ರ ನಂತರ ಆಧಾರವಿಲ್ಲ. 2024ರ ಡ್ಯಾನ್‌ಜರ್ ಪ್ರಯೋಗದಲ್ಲಿ ಕುಹರದೊಳಗಿನ ಸಣ್ಣ ಪಂಪ್ ಜೀವ ಉಳಿಸಿತು ನಿಜ, ಆದರೆ ಆಸ್ಪತ್ರೆಯ ಹೊರಗೆ ಸ್ತಂಭನವಾಗಿ ಪ್ರಜ್ಞೆಯಿಲ್ಲದೆ ಬಂದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ನಮ್ಮ ಚರ್ಚೆಯ ರೋಗಿ ಅವರೇ. ಇಸಿಜಿಯಲ್ಲಿ ಎಸ್‌ಟಿ ಏರಿಕೆ ಇದ್ದರೆ ಬಿಪಿ ಸರಿಯಾಗಲಿ ಅಂತ ಕಾಯದೆ ಕ್ಯಾತ್‌ಲ್ಯಾಬಿಗೆ ಕಳಿಸಿ, ಬ್ಲಾಕ್ ತೆಗೆಯುವುದೇ ಅಲ್ಲಿ ಬಿಪಿಯ ಚಿಕಿತ್ಸೆ.

ಪಿಜಿ_ಅರಿವಳಿಕೆ

ಧನ್ಯವಾದ ಸರ್, ಮೇಡಂ. ಮೂತ್ರ ಚೆನ್ನಾಗಿ ಬರುತ್ತಿದೆ, ಲ್ಯಾಕ್ಟೇಟ್ ಮಾತ್ರ 4ರಲ್ಲೇ ನಿಂತಿದೆ ಅಂದಾಗ ಯಾವುದನ್ನು ನಂಬಬೇಕು? ನಾಡಿ 42 ಇದ್ದರೆ ಪೇಸ್ ಮಾಡಬೇಕೇ (ಯಂತ್ರದಿಂದ ಬಡಿತ ಹೆಚ್ಚಿಸಬೇಕೇ)?

ತೀವ್ರನಿಗಾ_ತಜ್ಞೆ

ದೇಹ ತಂಪಾಗಿದ್ದಾಗ ಮೂತ್ರ ತಾನಾಗಿಯೇ ಹೆಚ್ಚುತ್ತದೆ, ಮ್ಯಾನಿಟಾಲ್ ಅಥವಾ ಫ್ರುಸೆಮೈಡ್ ಕೊಟ್ಟಿದ್ದರೂ ಅಷ್ಟೇ. ಹಾಗಾಗಿ ಒಂದನ್ನೇ ನಂಬಬೇಡಿ. ಲ್ಯಾಕ್ಟೇಟ್ ಎರಡು-ಮೂರು ಗಂಟೆಗೊಮ್ಮೆ ನೋಡಿ, ಇಳಿಮುಖವಾಗಿದ್ದರೆ ಸಾಕು. ನಿಂತಲ್ಲೇ ನಿಂತರೆ ಅಡ್ರಿನಲಿನ್ ಓಡುತ್ತಿದೆಯೇ, ಫಿಟ್ಸ್ ಬರುತ್ತಿದೆಯೇ, ಹೊಟ್ಟೆ ಉಬ್ಬಿ ಕರುಳಿಗೆ ರಕ್ತ ಕಡಿಮೆಯಾಗಿದೆಯೇ ಹುಡುಕಿ. ಉಗುರು ಒತ್ತಿ ಬಿಟ್ಟಾಗ ಬಣ್ಣ 3 ಸೆಕೆಂಡಿನಲ್ಲಿ ಮರಳುತ್ತದೆಯೇ ಅನ್ನುವುದು ಖರ್ಚಿಲ್ಲದ, ಒಳ್ಳೆಯ ಪರೀಕ್ಷೆ.

ತಾಪಮಾನ ತಗ್ಗಿಸಿದ ರೋಗಿಯಲ್ಲಿ ನಾಡಿ 42 ಇದ್ದು ಎಂಎಪಿ, ಲ್ಯಾಕ್ಟೇಟ್ ಎರಡೂ ಸರಿಯಿದ್ದರೆ ಅದನ್ನು ಮುಟ್ಟಬೇಡಿ. ನಿಧಾನ ಬಡಿತದಲ್ಲಿ ಮರಗಟ್ಟಿದ ಹೃದಯ ತುಂಬಿಕೊಳ್ಳಲು ಸಮಯ ಸಿಗುತ್ತದೆ.

ಐಸಿಯು_ಸಿಸ್ಟರ್

ಬಿಪಿ ಏರಿದಾಗಿನದು ಯಾರೂ ಹೇಳಲಿಲ್ಲ. ಎಂಎಪಿ ಇದ್ದಕ್ಕಿದ್ದಂತೆ 110 ಆದರೆ ಮೊದಲು ಕ್ಯಾಥೆಟರ್ ಕಟ್ಟಿಕೊಂಡು ಮೂತ್ರಕೋಶ ಉಬ್ಬಿದೆಯೇ, ಮೈ ನಡುಗುತ್ತಿದೆಯೇ, ರೆಪ್ಪೆ ಅಥವಾ ಬಾಯಂಚು ಅದುರುತ್ತಿದೆಯೇ, ನೋವಿನ ಔಷಧಿಯ ಸಿರಿಂಜ್ ಖಾಲಿಯಾಗಿದೆಯೇ ನೋಡಿ. ಬಿಪಿ ಏರಿ ನಾಡಿ ನಿಧಾನವಾಗಿ ಕಣ್ಣುಪಾಪೆ ಹಿಗ್ಗಿದರೆ ತಲೆಯೊಳಗಿನ ಒತ್ತಡ, ತಕ್ಷಣ ಡಾಕ್ಟರನ್ನು ಕರೆಯಿರಿ. ಆ ಬಿಪಿಯನ್ನು ಔಷಧಿ ಕೊಟ್ಟು ಇಳಿಸುವಂತಿಲ್ಲ.

ತೀವ್ರನಿಗಾ_ತಜ್ಞೆ

ಸರಿಯಾಗಿ ಹೇಳಿದಿರಿ ಸಿಸ್ಟರ್. ಔಷಧಿ ಇಳಿಸುವ ಬಗ್ಗೆಯೂ ಹೇಳಿಬಿಡೋಣ: ಎಂಎಪಿ 75ರ ಮೇಲೆ ಸ್ಥಿರವಾಗಿ ನಿಂತರೆ 15-30 ನಿಮಿಷಕ್ಕೊಮ್ಮೆ 0.02ರಷ್ಟು ಇಳಿಸಿ. ತಂಪಾದ ರೋಗಿಯನ್ನು ಗಂಟೆಗೆ 0.25ರಿಂದ 0.5 ಡಿಗ್ರಿಯಂತೆ ಮಾತ್ರ ಬೆಚ್ಚಗಾಗಲು ಬಿಡಿ. ಆ ಹೊತ್ತಿನಲ್ಲಿ ನಾಳಗಳು ಹಿಗ್ಗಿ ಬಿಪಿ ಜಾರುತ್ತದೆ, ಜೀವಕೋಶದೊಳಗಿನ ಪೊಟ್ಯಾಸಿಯಂ ಹೊರಬಂದು ಏರುತ್ತದೆ. ಆದ್ದರಿಂದ ಬೆಚ್ಚಗಾಗುವ ಗಂಟೆಗಳಲ್ಲಿ ನಾರ್‌ಅಡ್ರಿನಲಿನ್ ಇಳಿಸುವ ಆತುರ ಬೇಡ, ಪೊಟ್ಯಾಸಿಯಂ ಹನಿಯನ್ನು ಶುರುವಿಗೆ ಮೊದಲೇ ನಿಲ್ಲಿಸಿ, 37 ಮುಟ್ಟಿ ಎರಡು ಗಂಟೆಯಾದ ಮೇಲೆ ಮತ್ತೆ ಇಳಿಸಲು ತೊಡಗಿ.